ಕ್ಷಯ ಮತ್ತು ಎಚ್‌ಐವಿಗೆ ಊರಿನಲ್ಲೇ ಒಂದಾದ ಆರೈಕೆ: ಚಿಕ್ಕಮಗಳೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ, ಗಿರಿಜನ ಕಾಲೊನಿಗಳಲ್ಲಿ, ಕಡೂರು ಮತ್ತು ತರೀಕೆರೆ ಕಡೆಯ ಬಯಲುಸೀಮೆಯ ಹಳ್ಳಿಗಳಲ್ಲಿ ಆರೋಗ್ಯ ಸಭೆ ನಡೆದಾಗಲೆಲ್ಲ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಸಭೆಯಲ್ಲಿ ಎಲ್ಲರೆದುರು ಕೇಳಿದವು ಕೆಲವು. ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದವೇ ಹೆಚ್ಚು. ಈ ಉತ್ತರಗಳು ವೈದ್ಯರ ಸಲಹೆಯ ಜಾಗದಲ್ಲಿ ನಿಲ್ಲುವಂಥವಲ್ಲ. ವೈದ್ಯರ ಬಳಿ ಹೋಗುವ ಮುನ್ನ ಇರುವ ಅಳುಕಿಗೂ, ಹೋಗಿ ಬಂದ ಮೇಲೆ ಉಳಿಯುವ ಸಂದೇಹಕ್ಕೂ ಇವು ನೆರವಾಗಲಿ ಎಂಬುದು ನಮ್ಮ ಆಶಯ.

ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಟ್ಟಿಗೆ ನೋಡಬೇಕು ಎನ್ನುವುದೇಕೆ?

ಕ್ಷಯದ ರೋಗಾಣು ಉಸಿರಿನ ಮೂಲಕ ಒಳಹೊಕ್ಕವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಬಹುತೇಕರ ದೇಹ ಅದನ್ನು ಒಳಗೇ ಹದ್ದುಬಸ್ತಿನಲ್ಲಿಟ್ಟಿರುತ್ತದೆ. ಹಾಗೆ ರೋಗಾಣುವನ್ನು ಒಳಗಿಟ್ಟುಕೊಂಡವರಲ್ಲಿ ಇಡೀ ಜೀವಮಾನದಲ್ಲಿ ಕ್ಷಯಕ್ಕೆ ತುತ್ತಾಗುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ. ಎಚ್‌ಐವಿ ಸೋಂಕಿದ್ದು, ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಉಳಿದವರು ಜೀವಮಾನವಿಡೀ ಎದುರಿಸುವ ಅಪಾಯವನ್ನು ಅವರು ಹೆಚ್ಚುಕಡಿಮೆ ಒಂದೊಂದು ವರ್ಷದಲ್ಲೂ ಎದುರಿಸಬೇಕಾಗುತ್ತದೆ. ಕ್ಷಯವೂ ಸುಮ್ಮನಿರುವುದಿಲ್ಲ; ಅದು ಬಂದ ದೇಹದಲ್ಲಿ ಎಚ್‌ಐವಿ ವೈರಾಣು ಇನ್ನಷ್ಟು ಬೇಗ ಹೆಚ್ಚುತ್ತದೆ. ಜಗತ್ತಿನಾದ್ಯಂತ ಎಚ್‌ಐವಿ ಸೋಂಕಿತರ ಸಾವಿಗೆ ಮೊದಲ ಕಾರಣ ಇಂದಿಗೂ ಕ್ಷಯವೇ ಆಗಿದೆ.

ಇದು ದೇಹದ ಮಾತಾಯಿತು. ಬದುಕಿನ ಲೆಕ್ಕವೂ ಒಂದಿದೆ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್ ಘಟ್ಟದ ದಾರಿ. ಕ್ಷಯದ ಮಾತ್ರೆಗೆ ಒಂದು ದಿನ, ಎಚ್‌ಐವಿ ಮಾತ್ರೆಗೆ ಇನ್ನೊಂದು ದಿನ, ರಕ್ತಪರೀಕ್ಷೆಗೆ ಮತ್ತೊಂದು ದಿನ ಎಂದಾದರೆ ತೋಟದಲ್ಲಿ ದಿನಗೂಲಿ ಮಾಡುವವರು ತಿಂಗಳಿಗೆ ಮೂರು ಹಾಜರಿ ಕಳೆದುಕೊಳ್ಳುತ್ತಾರೆ. ಔಷಧ ಬಿಟ್ಟರು ಎಂದು ದಾಖಲೆಯಲ್ಲಿ ಬರೆಸಿಕೊಂಡವರಲ್ಲಿ ಹಲವರು ನಿಜವಾಗಿ ಬಿಟ್ಟದ್ದು ಈ ಓಡಾಟವನ್ನು. ಆದುದರಿಂದ ಎರಡೂ ಕಾಯಿಲೆಗಳ ಆರೈಕೆ ಒಂದೇ ಕಡೆ, ಒಂದೇ ಭೇಟಿಯಲ್ಲಿ, ಸಾಧ್ಯವಾದಷ್ಟೂ ಮನೆಯ ಸಮೀಪದಲ್ಲೇ ಸಿಗಬೇಕು ಎನ್ನುವುದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಚಿಕಿತ್ಸೆ ಪೂರ್ಣಗೊಳ್ಳುವುದೇ ಅದರ ಮೇಲೆ ನಿಂತಿದೆ.

ಸರ್ಕಾರಿ ವ್ಯವಸ್ಥೆಯಲ್ಲಿ ಈಗಾಗಲೇ ಇದು ಇಲ್ಲವೇ?

ಒಂದು ಮಟ್ಟಿಗೆ ಇದೆ. ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬರುವ ಪ್ರತಿಯೊಬ್ಬರನ್ನೂ ಪ್ರತಿ ಭೇಟಿಯಲ್ಲಿ ಕೆಮ್ಮು, ಜ್ವರ, ತೂಕ ಇಳಿಕೆ ಮತ್ತು ರಾತ್ರಿ ಬೆವರುವಿಕೆ ಎಂಬ ನಾಲ್ಕು ಲಕ್ಷಣಗಳ ಬಗ್ಗೆ ವಿಚಾರಿಸಬೇಕೆಂಬ ನಿಯಮವಿದೆ. ಎರಡೂ ಕಾಯಿಲೆ ಇರುವವರಿಗೆ ಕ್ಷಯದ ಮಾತ್ರೆಗಳನ್ನೂ ಎಆರ್‌ಟಿ ಕೇಂದ್ರದಲ್ಲೇ ಕೊಡುವ ಏಕಗವಾಕ್ಷಿ ಪದ್ಧತಿಯೂ ಜಾರಿಯಲ್ಲಿದೆ. ಇತ್ತ ಕ್ಷಯ ಪತ್ತೆಯಾದ ಎಲ್ಲರಿಗೂ ಎಚ್‌ಐವಿ ಪರೀಕ್ಷೆಯ ಸಲಹೆ ನೀಡಲಾಗುತ್ತದೆ. ಎರಡೂ ಚಿಕಿತ್ಸೆಗಳು ಉಚಿತ. ಎಚ್‌ಐವಿ ಔಷಧವನ್ನು ಸರ್ಕಾರ ಉಚಿತವಾಗಿ ಕೊಡಲಾರಂಭಿಸಿದ್ದು 2004ರ ಏಪ್ರಿಲ್ 1ರಿಂದ.

ಕೊರತೆ ಇರುವುದು ಆಸ್ಪತ್ರೆಯ ಗೇಟಿನಿಂದ ಹೊರಗೆ. ಎಆರ್‌ಟಿ ಕೇಂದ್ರದವರು ನಾಲ್ಕು ಲಕ್ಷಣಗಳನ್ನು ಕೇಳಬೇಕಾದರೆ ವ್ಯಕ್ತಿ ಅಲ್ಲಿಯವರೆಗೆ ಬರಬೇಕು. ತನಗೆ ಎಚ್‌ಐವಿ ಇದೆಯೆಂದೇ ಗೊತ್ತಿಲ್ಲದವರು, ಗೊತ್ತಿದ್ದೂ ಭಯದಿಂದ ಬಾರದವರು, ಅರ್ಧದಲ್ಲಿ ನಿಲ್ಲಿಸಿದವರು ಆ ಕೊಠಡಿಯ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅವರನ್ನು ತಲುಪಬಲ್ಲವರು ಊರಿನಲ್ಲೇ ಇರುವ ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗಳು, ಕ್ಷಯ ಗುಣವಾದ ನಂತರ ಇತರರಿಗೆ ನೆರವಾಗಲು ಮುಂದೆ ಬಂದವರು ಮತ್ತು ಎಚ್‌ಐವಿ ಜತೆ ಬದುಕುತ್ತಿರುವವರ ಸಂಘಟನೆಗಳು. ಸಮುದಾಯ ಮಟ್ಟದ ಆರೈಕೆ ಎಂದು ನಾವು ಹೇಳುವುದು ಇವರೆಲ್ಲರ ಕೆಲಸವನ್ನು ಆಸ್ಪತ್ರೆಯ ಕೆಲಸದ ಜತೆಗೆ ಹೆಣೆಯುವುದನ್ನು.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಅಪಾಯದಲ್ಲಿ ಇರುವವರು ಯಾರು?

ಇಂಥ ಜಾತಿ, ಇಂಥ ಕಸುಬಿನವರಿಗೆ ಈ ಕಾಯಿಲೆ ಎಂದು ಬೊಟ್ಟು ಮಾಡುವುದು ತಪ್ಪು. ಅಪಾಯ ಹೆಚ್ಚುವುದು ಬದುಕುವ ಪರಿಸ್ಥಿತಿಯಿಂದ, ಆರೈಕೆ ದೂರವಿರುವುದರಿಂದ.

ಲೈನ್ ಮನೆಯನ್ನೇ ನೋಡೋಣ. ಒಂದು ಕೋಣೆ, ಅದರಲ್ಲೇ ಸೌದೆ ಒಲೆ, ಒಂದೇ ಕಿಟಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಎರಚಲಿಗೆ ಆ ಕಿಟಕಿಗೂ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಒಳಗೆ ಐದಾರು ಜನ ಮಲಗುತ್ತಾರೆ. ಅವರಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯವಿದ್ದು ಅದು ಪತ್ತೆಯಾಗಿಲ್ಲದಿದ್ದರೆ ಒಳಗಿನ ಗಾಳಿಯನ್ನು ಎಲ್ಲರೂ ರಾತ್ರಿಯಿಡೀ ಹಂಚಿಕೊಳ್ಳುತ್ತಾರೆ. ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ನಿಂದ ರೋಬಸ್ಟಾ ಮುಗಿಯುವವರೆಗೆ ಅಸ್ಸಾಂ, ಜಾರ್ಖಂಡ್, ಒಡಿಶಾ, ತಮಿಳುನಾಡಿನಿಂದ ಬರುವ ಕಾರ್ಮಿಕರು ಇಂಥ ಮನೆಗಳಲ್ಲೇ ಇಳಿದುಕೊಳ್ಳುತ್ತಾರೆ. ಅವರಿಗೆ ಇಲ್ಲಿನ ಭಾಷೆ ಬಾರದು, ಆಶಾ ಕಾರ್ಯಕರ್ತೆಯ ಮನೆಗಳ ಪಟ್ಟಿಯಲ್ಲಿ ಅವರ ಹೆಸರೂ ಇರುವುದಿಲ್ಲ.

ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆಯ ಹಸಲರು, ಮಲೆಕುಡಿಯರಂಥ ಗಿರಿಜನ ಸಮುದಾಯಗಳಿಗೆ ರಸ್ತೆಯೇ ಮೊದಲ ಅಡ್ಡಿ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹಾಸನ, ಸಕಲೇಶಪುರ ದಾಟಿ ಓಡಾಡುವ ಲಾರಿ ಚಾಲಕರು ಮತ್ತು ಕ್ಲೀನರ್‌ಗಳು, ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರು, ಲೈಂಗಿಕ ಅಲ್ಪಸಂಖ್ಯಾತರು, ಜೈಲಿನಲ್ಲಿರುವವರು, ಕುಡಿತಕ್ಕೆ ಅಂಟಿಕೊಂಡವರು ಇವರೆಲ್ಲರಿಗೂ ಆಸ್ಪತ್ರೆಯಲ್ಲಿ ಸಿಗುವ ಮೊದಲ ಮಾತು ಗೌರವದ್ದಾಗಿರಬೇಕು. ಅದಾಗದಿದ್ದರೆ ಅವರು ಎರಡನೇ ಸಲ ಬರುವುದಿಲ್ಲ. ಸಕ್ಕರೆ ಕಾಯಿಲೆಯವರು ಹಾಗೂ ಅಪೌಷ್ಟಿಕತೆ ಇರುವವರು ಎಚ್‌ಐವಿ ಇಲ್ಲದಿದ್ದರೂ ಕ್ಷಯದ ಅಪಾಯದಲ್ಲಿದ್ದಾರೆ ಎಂಬುದನ್ನೂ ಮರೆಯಬಾರದು.

ಎಷ್ಟು ದಿನ ಕೆಮ್ಮಿದರೆ ಪರೀಕ್ಷೆ ಮಾಡಿಸಬೇಕು?

ಸಾಮಾನ್ಯವಾಗಿ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಎಚ್‌ಐವಿ ಇರುವವರಿಗೆ ಈ ಎರಡು ವಾರದ ಗಡುವು ಅನ್ವಯಿಸುವುದಿಲ್ಲ. ಯಾವುದೇ ಅವಧಿಯ ಕೆಮ್ಮು, ಜ್ವರ, ತೂಕ ಇಳಿಕೆ ಅಥವಾ ರಾತ್ರಿ ಬೆವರು ಕಂಡರೂ ತಡಮಾಡಬಾರದು. ಎಚ್‌ಐವಿ ಇರುವವರಲ್ಲಿ ಕ್ಷಯ ಶ್ವಾಸಕೋಶದ ಆಚೆಗೆ, ಅಂದರೆ ಕತ್ತಿನ ಗಂಟು, ಹೊಟ್ಟೆ, ಬೆನ್ನುಮೂಳೆ ಅಥವಾ ಮಿದುಳಿನ ಪೊರೆಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಆಗ ಕೆಮ್ಮೇ ಇರದಿರಬಹುದು, ಎಕ್ಸ್-ರೇ ಕೂಡ ಸರಿಯಾಗಿಯೇ ಕಾಣಬಹುದು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದಾಗ ಕ್ಷಯ ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಯಾವುದಾದರೂ ಚಿಕಿತ್ಸಾಲಯಕ್ಕೆ ಹೋಗಿಯೂ ಬಂದಿದ್ದರು. ಅಲ್ಲಿ ರೋಗ ಪತ್ತೆಯಾಗಿರಲಿಲ್ಲ. ಹಳ್ಳಿಯವರಿಗೆ ಅರಿವಿಲ್ಲ ಎಂದು ಹೇಳುವುದು ಅಂದಿಗೂ ಅರ್ಧ ಸತ್ಯವಾಗಿತ್ತು, ಇಂದಿಗೂ ಅರ್ಧ ಸತ್ಯವೇ. ಮೂರನೇ ಸಲ ಕೆಮ್ಮಿನ ಸಿರಪ್ ಬರೆದುಕೊಟ್ಟರೆ ಕಫ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಕಫ ಕೊಡುವುದು ಹೇಗೆ? ಫಲಿತಾಂಶ ಬರಲು ಎಷ್ಟು ಹೊತ್ತು?

ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ, ಇತರರಿಂದ ದೂರ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯೊಳಗಿನಿಂದ ಕೆಮ್ಮಿ ಕಫ ತೆಗೆಯಬೇಕು. ಎಂಜಲು ಪರೀಕ್ಷೆಗೆ ಬಾರದು. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಒಳ್ಳೆಯದು. ಡಬ್ಬಿಯ ಮುಚ್ಚಳ ಬಿಗಿಮಾಡಿ ಅಂದೇ ತಲುಪಿಸಬೇಕು. ಆಶಾ ಕಾರ್ಯಕರ್ತೆ ಅಥವಾ ಕ್ಷಯ ವಿಭಾಗದವರ ಮೂಲಕ ಕಳುಹಿಸಬಹುದು, ರೋಗಿಯೇ ಹೋಗಬೇಕೆಂದಿಲ್ಲ.

ಮೊದಲೆಲ್ಲ ಸೂಕ್ಷ್ಮದರ್ಶಕದ ಪರೀಕ್ಷೆಯನ್ನೇ ನಂಬಬೇಕಿತ್ತು; ಎಚ್‌ಐವಿ ಇರುವವರ ಕಫದಲ್ಲಿ ರೋಗಾಣುಗಳು ಕಡಿಮೆ ಇರುವುದರಿಂದ ಅದು ಹಲವರನ್ನು ಬಿಟ್ಟುಬಿಡುತ್ತಿತ್ತು. ಈಗ ಸಿಬಿನ್ಯಾಟ್ ಮತ್ತು ಟ್ರೂನ್ಯಾಟ್ ಯಂತ್ರಗಳು ರೋಗಾಣುವಿನ ಆನುವಂಶಿಕ ಅಂಶವನ್ನೇ ಗುರುತಿಸಿ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಇಲ್ಲವೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಟ್ರೂನ್ಯಾಟ್ ಭಾರತದಲ್ಲೇ ರೂಪುಗೊಂಡದ್ದು, ಬ್ಯಾಟರಿಯಿಂದಲೂ ನಡೆಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಮಲೆನಾಡಿಗೆ ಇದು ಸಣ್ಣ ಸಂಗತಿಯಲ್ಲ.

ಟಿಬಿ ಎಂದು ಬಂದರೆ ಎಚ್‌ಐವಿ ಪರೀಕ್ಷೆ ಏಕೆ? ಬೇಡ ಎನ್ನಬಹುದೇ?

ಬೇಡ ಎನ್ನುವ ಹಕ್ಕು ನಿಮಗಿದೆ, ಹಾಗೆಂದ ಮಾತ್ರಕ್ಕೆ ಕ್ಷಯದ ಚಿಕಿತ್ಸೆಯನ್ನು ಯಾರೂ ನಿಲ್ಲಿಸುವಂತಿಲ್ಲ. ಆದರೂ ಮಾಡಿಸಿಕೊಳ್ಳಿ ಎಂದೇ ನಾವು ಒತ್ತಾಯಿಸುತ್ತೇವೆ. ಎಚ್‌ಐವಿ ಇದ್ದು ಅದು ಗೊತ್ತಿಲ್ಲದೆ ಕ್ಷಯಕ್ಕೆ ಮಾತ್ರ ಔಷಧ ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಹೆಚ್ಚು; ಗೊತ್ತಾದವರಿಗೆ ಅದೇ ತಿಂಗಳು ಜೀವ ಉಳಿಸುವ ಔಷಧ ಸಿಗುತ್ತದೆ. ಟಿಬಿ ಬಂದವರಿಗೆಲ್ಲ ಎಚ್‌ಐವಿ ಇರುತ್ತದೆ ಎಂದು ಯಾರೂ ತಿಳಿಯಬಾರದು. ನಮ್ಮ ದೇಶದ ಕ್ಷಯ ರೋಗಿಗಳಲ್ಲಿ ಬಹುಪಾಲು ಜನರಿಗೆ ಎಚ್‌ಐವಿ ಇರುವುದಿಲ್ಲ.

ಪರೀಕ್ಷೆಗೆ ಮುಂಚೆ ಮತ್ತು ನಂತರ ಆಪ್ತಸಮಾಲೋಚಕರು ನಿಮ್ಮೊಂದಿಗೆ ಒಬ್ಬರೇ ಕುಳಿತು ಮಾತನಾಡಬೇಕು. ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸುಳಿವು ಕಂಡರೆ ಬೇರೆ ಬೇರೆ ಕಿಟ್‌ಗಳಿಂದ ಮತ್ತೆ ಪರೀಕ್ಷಿಸಿ, ಮೂರರಲ್ಲೂ ಕಂಡ ಮೇಲಷ್ಟೇ ಖಚಿತಪಡಿಸುತ್ತಾರೆ. ಊರಿನ ಶಿಬಿರದಲ್ಲಿ ಮಾಡುವ ಬೆರಳ ತುದಿಯ ಪರೀಕ್ಷೆ ಮೊದಲ ಹೆಜ್ಜೆ ಮಾತ್ರ.

ನನಗೆ ಎಚ್‌ಐವಿ ಇರುವುದು ಆಶಾ ಕಾರ್ಯಕರ್ತೆಗೆ, ತೋಟದ ಲೆಕ್ಕ ನೋಡುವ ರೈಟರ್‌ಗೆ, ತೋಟದ ಮಾಲೀಕರಿಗೆ ಗೊತ್ತಾಗುತ್ತದೆಯೇ?

ನಮ್ಮನ್ನು ಹೆಚ್ಚು ಜನ ಕೇಳಿರುವುದು ಇದನ್ನೇ. ಸಮುದಾಯ ಮಟ್ಟದ ಆರೈಕೆ ನಿಲ್ಲುವುದೂ ಕುಸಿಯುವುದೂ ಇದರ ಉತ್ತರದ ಮೇಲೆಯೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಔಷಧವನ್ನು ಮನೆಯ ಬಾಗಿಲಿಗೆ ತರುವ ಭರದಲ್ಲಿ ಗುಟ್ಟನ್ನೂ ಲೈನ್‌ನ ಅಂಗಳಕ್ಕೆ ತಂದು ಹಾಕಿದರೆ ಆ ವ್ಯಕ್ತಿ ರಾತ್ರೋರಾತ್ರಿ ಊರು ಬಿಡುತ್ತಾರೆ. ಚಿಕಿತ್ಸೆಯೂ ಅಲ್ಲಿಗೇ ಮುಗಿಯುತ್ತದೆ.

ಕಾನೂನು ಸ್ಪಷ್ಟವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ವ್ಯಕ್ತಿಯ ಸಮ್ಮತಿಯಿಲ್ಲದೆ ಎಚ್‌ಐವಿ ಪರೀಕ್ಷೆ ನಡೆಸುವಂತಿಲ್ಲ, ಸೋಂಕಿನ ಸ್ಥಿತಿಯನ್ನು ಬೇರೆಯವರಿಗೆ ತಿಳಿಸುವಂತಿಲ್ಲ. ಚಿಕಿತ್ಸೆಯಲ್ಲಿ ನೇರವಾಗಿ ತೊಡಗಿರುವ ಒಬ್ಬ ವೈದ್ಯಕೀಯ ಸಿಬ್ಬಂದಿ ಇನ್ನೊಬ್ಬರಿಗೆ, ಅದೂ ಚಿಕಿತ್ಸೆಗೆ ಅಗತ್ಯವಿದ್ದರೆ, ಹೇಳಲು ಅವಕಾಶವಿದೆ. ಊರಿನ ಆಶಾ ಕಾರ್ಯಕರ್ತೆ ಎಂಬ ಒಂದೇ ಕಾರಣಕ್ಕೆ ಅವರಿಗೆ ಹೇಳಬೇಕೆಂದಿಲ್ಲ. ರೈಟರ್, ಮೇಸ್ತ್ರಿ, ಮಾಲೀಕರು, ಪಂಚಾಯ್ತಿ ಸದಸ್ಯರು ಈ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವುದೂ, ಸೋಂಕು ಇದೆಯೆಂದು ಕೆಲಸದಿಂದ ಅಥವಾ ಮನೆಯಿಂದ ಹೊರಹಾಕುವುದೂ ಕಾನೂನುಬಾಹಿರ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ದೂರು ಸ್ವೀಕರಿಸಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು.

ಕಾನೂನು ಇದ್ದರೂ ಗುಟ್ಟು ಸೋರುವುದು ಸಣ್ಣ ಸಣ್ಣ ದಾರಿಗಳಿಂದ. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಹಾಕಿದ ಗುರುತು, ಕಾರಿಡಾರಿನಲ್ಲಿ ಗಟ್ಟಿಯಾಗಿ ಕೂಗಿದ ಹೆಸರು, ಇಲಾಖೆಯ ಜೀಪು ಲೈನ್ ಮುಂದೆ ನಿಲ್ಲುವುದು, ಒಂದೇ ಮನೆಗೆ ತಿಂಗಳಿಗೆರಡು ಸಲ ಬರುವ ಆರೋಗ್ಯ ಸಿಬ್ಬಂದಿ. ಮೂವತ್ತು ಮಾತ್ರೆಗಳ ಬಿಳಿ ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರೆ ಅದು ಪ್ರತಿ ತಿರುವಿನಲ್ಲೂ ಗಲಗಲ ಎನ್ನುತ್ತದೆ. ಆ ಸದ್ದಿಗೆ ಹೆದರಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಡಬ್ಬಿಯನ್ನು ಬಸ್ ನಿಲ್ದಾಣದಲ್ಲೇ ಎಸೆದು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ; ಮಲೆನಾಡಿನ ತೇವಕ್ಕೆ ಮಾತ್ರೆಗಳು ಕೆಡುತ್ತವೆ. ಡಬ್ಬಿಯ ಮೇಲಿನ ಲೇಬಲ್ ಕಿತ್ತುಹಾಕಿ, ಸದ್ದಾಗದಂತೆ ಒಳಗೆ ಸ್ವಲ್ಪ ಹತ್ತಿ ತುಂಬಿ, ತೇವ ಹೀರುವ ಸಣ್ಣ ಪೊಟ್ಟಣವನ್ನು ಅದರಲ್ಲೇ ಉಳಿಸಿಕೊಳ್ಳಿ.

ನಾವು ಅನುಸರಿಸುವ ಕ್ರಮ ಹೀಗಿದೆ. ಮನೆ ಭೇಟಿಯ ವೇಳೆ ಮಾತು ಕೆಮ್ಮು, ತೂಕ, ಊಟದ ಸುತ್ತಲೇ ಇರುತ್ತದೆ ಮತ್ತು ಲೈನ್‌ನ ಎಲ್ಲ ಮನೆಗಳಿಗೂ ಹೋಗಲಾಗುತ್ತದೆ, ಒಂದೇ ಮನೆಗಲ್ಲ. ಎಚ್‌ಐವಿ ಕುರಿತ ಮಾತು ವ್ಯಕ್ತಿ ತಾನಾಗಿ ಒಪ್ಪಿದ ಜಾಗದಲ್ಲಿ, ಒಪ್ಪಿದವರೊಂದಿಗೆ ಮಾತ್ರ. ತಮ್ಮ ಊರಿನ ಕೇಂದ್ರಕ್ಕೆ ಬರಲು ಅಳುಕುವವರಿಗೆ ಬೇರೆ ತಾಲ್ಲೂಕಿನಲ್ಲಿ, ಇಲ್ಲವೇ ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ಸೇವೆ ಪಡೆಯಲು ಸಮಾಲೋಚಕರೊಂದಿಗೆ ಮಾತನಾಡುವಂತೆ ತಿಳಿಸುತ್ತೇವೆ.

ಗಂಡನಿಗೆ ಅಥವಾ ಹೆಂಡತಿಗೆ ಹೇಳಲೇಬೇಕೇ?

ಹೇಳುವುದು ಒಳ್ಳೆಯದು, ಅವರ ಪರೀಕ್ಷೆಯೂ ಬೇಗ ಆಗಬೇಕು. ಹೇಗೆ ಹೇಳುವುದೆಂದು ತಿಳಿಯದಿದ್ದರೆ ಸಮಾಲೋಚಕರ ಎದುರಿನಲ್ಲೇ ಹೇಳಬಹುದು. ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ ಎಂಬ ಭಯ ನಿಜವಾಗಿದ್ದರೆ, ಮುಖ್ಯವಾಗಿ ಹೆಣ್ಣುಮಕ್ಕಳ ವಿಚಾರದಲ್ಲಿ, ಆರೋಗ್ಯ ಸಿಬ್ಬಂದಿ ಸಂಗಾತಿಗೆ ತಿಳಿಸಬಾರದೆಂದು ಕಾಯ್ದೆಯೇ ರಕ್ಷಣೆ ಕೊಟ್ಟಿದೆ. ಆ ಭಯವನ್ನು ಸಮಾಲೋಚಕರಿಗೆ ಮುಚ್ಚಿಡದೆ ಹೇಳಿ.

ಎರಡೂ ಮಾತ್ರೆಗಳನ್ನು ಒಟ್ಟಿಗೆ ನುಂಗಬಹುದೇ?

ನುಂಗಬಹುದು, ನುಂಗಲೇಬೇಕು. ಕ್ರಮ ಮಾತ್ರ ಸರಿಯಿರಬೇಕು. ಮೊದಲು ಕ್ಷಯದ ಔಷಧ ಶುರುವಾಗುತ್ತದೆ. ಸಾಮಾನ್ಯ ಕ್ಷಯಕ್ಕೆ ಒಟ್ಟು ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧಗಳು ಸೇರಿದ ಮಾತ್ರೆ, ನಂತರದ ನಾಲ್ಕು ತಿಂಗಳು ಮೂರು ಔಷಧಗಳ ಮಾತ್ರೆ, ದಿನವೂ, ದೇಹದ ತೂಕಕ್ಕೆ ತಕ್ಕಷ್ಟು. ಆಗಿನ್ನೂ ಎಚ್‌ಐವಿ ಔಷಧ ಶುರುವಾಗಿರದಿದ್ದರೆ ಕ್ಷಯದ ಔಷಧ ಆರಂಭವಾದ ಎರಡು ವಾರಗಳ ಒಳಗೆ ಅದನ್ನೂ ಆರಂಭಿಸುತ್ತಾರೆ. ಮಿದುಳಿನ ಪೊರೆಯ ಕ್ಷಯವಿದ್ದಾಗ ಮಾತ್ರ ವೈದ್ಯರು ಸ್ವಲ್ಪ ತಡೆದು ಕೊಡುತ್ತಾರೆ.

ಎಚ್‌ಐವಿಗೆ ಈಗ ಹೆಚ್ಚಿನವರಿಗೆ ಸಿಗುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆ. ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಡೊಲುಟೆಗ್ರಾವಿರ್‌ನ ಶಕ್ತಿಯನ್ನು ತಗ್ಗಿಸುತ್ತದೆ. ಆದ್ದರಿಂದ ಕ್ಷಯದ ಚಿಕಿತ್ಸೆ ನಡೆಯುವಷ್ಟು ಕಾಲ, ಅದು ಮುಗಿದ ನಂತರದ ಎರಡು ವಾರವೂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂನ ಇನ್ನೊಂದು ಮಾತ್ರೆಯನ್ನು 12 ಗಂಟೆಗಳ ಅಂತರದಲ್ಲಿ ಹೆಚ್ಚುವರಿಯಾಗಿ ಕೊಡುತ್ತಾರೆ. ಎರಡು ಕಡೆ ಚಿಕಿತ್ಸೆ ಪಡೆಯುತ್ತಾ ಒಂದು ಕಡೆಯವರಿಗೆ ಇನ್ನೊಂದನ್ನು ಹೇಳದಿದ್ದರೆ ತಪ್ಪಿಹೋಗುವುದು ಈ ಸಣ್ಣ ಮಾತ್ರೆಯೇ. ಜತೆಗೆ ಇತರ ಸೋಂಕುಗಳನ್ನು ತಡೆಯಲು ಕೋಟ್ರಿಮಾಕ್ಸಜೋಲ್ ಮಾತ್ರೆಯೂ ಇರುತ್ತದೆ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ. ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ದೃಷ್ಟಿ ಮಸುಕಾಗುವುದು, ಮೈಯೆಲ್ಲ ಗಂಧೆ ಏಳುವುದು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿ ಔಷಧ ಶುರುವಾದ ಕೆಲವು ವಾರಗಳಲ್ಲಿ ಜ್ವರ ಹೆಚ್ಚಾಗಿ, ಗಂಟುಗಳು ಊದಿಕೊಂಡು, ಕಾಯಿಲೆ ಉಲ್ಬಣಿಸಿದಂತೆ ಕಾಣಬಹುದು. ದೇಹದ ರೋಗನಿರೋಧಕ ಶಕ್ತಿ ಮರಳಿ ಎಚ್ಚೆತ್ತಾಗ ಹೀಗಾಗುವುದುಂಟು. ಔಷಧ ಒಗ್ಗಲಿಲ್ಲ ಎಂದು ತಾವೇ ನಿರ್ಧರಿಸಿ ನಿಲ್ಲಿಸದೆ ವೈದ್ಯರ ಬಳಿ ಹೋಗಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವ ಮಹಿಳೆಯರು ಅದನ್ನೂ ವೈದ್ಯರಿಗೆ ಹೇಳಬೇಕು. ರಿಫಾಂಪಿಸಿನ್ ಆ ಮಾತ್ರೆಯ ಪರಿಣಾಮವನ್ನೂ ಕುಂದಿಸುತ್ತದೆ.

ಕಾಯಿಲೆ ಇಲ್ಲದವರಿಗೂ ಕ್ಷಯದ ಮಾತ್ರೆ ಕೊಡುತ್ತಾರಂತೆ, ಏಕೆ?

ಅದು ತಡೆ ಚಿಕಿತ್ಸೆ. ಎಚ್‌ಐವಿ ಇರುವವರಿಗೂ, ಕ್ಷಯ ರೋಗಿಯ ಮನೆಮಂದಿಗೂ, ಕಾಯಿಲೆ ಈಗ ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕ, ಐಸೋನಿಯಾಜಿಡ್ ಮಾತ್ರೆಯನ್ನು ಆರು ತಿಂಗಳು ದಿನವೂ ಅಥವಾ ರಿಫಾಪೆಂಟಿನ್ ಸೇರಿದ ಔಷಧವನ್ನು ವಾರಕ್ಕೊಮ್ಮೆಯಂತೆ 12 ವಾರ ಕೊಡುತ್ತಾರೆ. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರು ನೋಡುತ್ತಾರೆ. ಮೈಯಲ್ಲಿ ಯಾವ ನೋವೂ ಇಲ್ಲದಾಗ ದಿನವೂ ಮಾತ್ರೆ ನುಂಗುವುದು ಕಷ್ಟ ಎಂಬುದು ನಿಜ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಅರ್ಧಕ್ಕೆ ಬಿಡಬಾರದೆಂದು ಕೈಮುಗಿದು ಕೇಳುತ್ತೇವೆ.

ಕೊಯ್ಲು ಮುಗಿಯಿತು, ನಮ್ಮ ರಾಜ್ಯಕ್ಕೆ ವಾಪಸ್ ಹೋಗುತ್ತೇವೆ. ಚಿಕಿತ್ಸೆ ಏನಾಗುತ್ತದೆ?

ಹೋಗುವುದಕ್ಕೆ ಒಂದು ವಾರ ಮುಂಚೆಯಾದರೂ ತಿಳಿಸಿ. ಕ್ಷಯ ರೋಗಿಗಳ ವಿವರ ನಿ-ಕ್ಷಯ್ ಎಂಬ ದೇಶವ್ಯಾಪಿ ದಾಖಲೆಯಲ್ಲಿ ಇರುತ್ತದೆ. ನಿಮ್ಮ ನಿ-ಕ್ಷಯ್ ಸಂಖ್ಯೆಯ ಮೂಲಕ ಇಲ್ಲಿನ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು ನಿಮ್ಮನ್ನು ನಿಮ್ಮ ಜಿಲ್ಲೆಗೆ ವರ್ಗಾಯಿಸಬಹುದು. ಎಚ್‌ಐವಿ ಚಿಕಿತ್ಸೆಯನ್ನೂ ಹಾಗೆಯೇ ಮತ್ತೊಂದು ಎಆರ್‌ಟಿ ಕೇಂದ್ರಕ್ಕೆ ಬದಲಿಸಿಕೊಳ್ಳಬಹುದು. ಎರಡೂ ವರ್ಗಾವಣೆ ಒಟ್ಟಿಗೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ, ದಾರಿಯ ದಿನಗಳಿಗೂ ತಲುಪಿದ ಮೇಲಿನ ಮೊದಲ ವಾರಗಳಿಗೂ ಸಾಕಾಗುವಷ್ಟು ಮಾತ್ರೆ ಕೇಳಿ ಪಡೆಯಿರಿ. ಆಧಾರ್ ಜತೆಗಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

ಇಲ್ಲಿನವರಿಗೂ ಇದೇ ಬಗೆಯ ಮುಂದಾಲೋಚನೆ ಬೇಕು. ಭದ್ರಾ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನಗಳಲ್ಲಿ ಹೊರನಾಡು ಕಡೆಯವರು ಕಳಸಕ್ಕೆ ಬರುವುದೇ ಕಷ್ಟ. ಚಿಕಿತ್ಸೆಗೆ ಚೆನ್ನಾಗಿ ಹೊಂದಿಕೊಂಡವರಿಗೆ ಎಚ್‌ಐವಿ ಮಾತ್ರೆಗಳನ್ನು ಒಂದಕ್ಕಿಂತ ಹೆಚ್ಚು ತಿಂಗಳಿಗಾಗುವಷ್ಟು ಕೊಡುವ ಪದ್ಧತಿಯಿದೆ. ಮೇ ತಿಂಗಳಲ್ಲೇ ಆ ಮಾತು ಎತ್ತಿ.

ಹಣದ ನೆರವು ಏನಿದೆ?

ನಿ-ಕ್ಷಯ್ ಪೋಷಣ್ ಯೋಜನೆಯಡಿ ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 1,000 ರೂಪಾಯಿಯ ಲೆಕ್ಕದಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ಆರಂಭವಾದಾಗ ಇದು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ ಹೆಚ್ಚಿಸಲಾಗಿದೆ. ನಿ-ಕ್ಷಯ್ ಮಿತ್ರರಾಗಿ ನೋಂದಾಯಿಸಿಕೊಂಡವರು ಕೊಡುವ ಆಹಾರದ ಕಿಟ್ ಇದಕ್ಕೆ ಹೊರತಾದದ್ದು. ಎಚ್‌ಐವಿ ಇರುವ ಮಹಿಳೆಯರ ಸ್ವಂತ ಉದ್ಯೋಗಕ್ಕೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆಯಿದೆ.

2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿಬರುವ ಖರ್ಚು ತಪ್ಪಿದೆ. ಕೊಪ್ಪ, ಶೃಂಗೇರಿ, ಕಳಸದ ಒಳಹಳ್ಳಿಗಳಿಗೆ ಹೋಗುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ ಆದ್ದರಿಂದ ಅಲ್ಲಿಯ ಕಷ್ಟ ಹಾಗೆಯೇ ಉಳಿದಿದೆ. ಕಳೆದುಹೋಗುವ ಕೂಲಿಯನ್ನಂತೂ ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ಒಂದೇ ಕೋಣೆಯ ಮನೆಯಲ್ಲಿ ಮಕ್ಕಳನ್ನು ಕಾಪಾಡುವುದು ಹೇಗೆ?

ಸರಿಯಾದ ಔಷಧ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಹೆಚ್ಚಿನವರಿಂದ ಕ್ಷಯ ಹರಡುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬಾಯಿ, ಮೂಗಿಗೆ ಮಾಸ್ಕ್ ಇಲ್ಲವೇ ಬಟ್ಟೆ ಕಟ್ಟಿಕೊಳ್ಳಬೇಕು, ಹಗಲು ಬಾಗಿಲು ಕಿಟಕಿ ತೆರೆದಿಡಬೇಕು, ಸಾಧ್ಯವಾದರೆ ಜಗಲಿಯಲ್ಲಿ ಮಲಗಬೇಕು. ತಟ್ಟೆ, ಲೋಟ, ಬಟ್ಟೆ ಬೇರೆ ಮಾಡುವ ಅಗತ್ಯವಿಲ್ಲ. ಎರಡೂ ಕಾಯಿಲೆಗಳು ಅವುಗಳಿಂದ ಹರಡುವುದಿಲ್ಲ. ಕ್ಷಯವಿರುವ ತಾಯಿ ಮಾಸ್ಕ್ ಹಾಕಿಕೊಂಡು ಎದೆಹಾಲು ಕೊಡಬಹುದು, ಕೊಡಬೇಕು. ಎಚ್‌ಐವಿ ಇರುವ ತಾಯಿ ತಪ್ಪದೆ ಔಷಧ ತೆಗೆದುಕೊಂಡು, ಮಗುವಿಗೂ ಹುಟ್ಟಿದ ಕೂಡಲೇ ಔಷಧ ಸಿಕ್ಕರೆ ಸೋಂಕು ದಾಟುವ ಸಾಧ್ಯತೆ ತೀರಾ ಕಡಿಮೆ; ಅಂಥ ಮಗುವಿಗೆ ಆರನೇ ವಾರದಲ್ಲಿ ರಕ್ತಪರೀಕ್ಷೆ ತಪ್ಪಿಸಬಾರದು.

ಕುಡಿಯುವವರಿಗೆ ಔಷಧ ಕೊಡುವುದಿಲ್ಲವೇ?

ಕೊಡಲೇಬೇಕು. ಕ್ಷಯದ ಔಷಧಗಳು ಯಕೃತ್ತಿನ ಮೇಲೆ ಭಾರ ಹಾಕುವುದರಿಂದ ಕುಡಿತ ನಿಲ್ಲಿಸುವುದು ಅಗತ್ಯ. ಅದಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ನೆರವನ್ನೂ ಕೇಳಬಹುದು. ಆದರೆ ಕುಡಿದು ಬಂದೆ ಎಂದು ಬೈಸಿಕೊಂಡು ಹೋದವರು ಚಿಕಿತ್ಸೆಗೆ ಮರಳಿ ಬರುವುದು ಅಪರೂಪ.

ನಡುವೆ ಕೆಲವು ದಿನ ಮಾತ್ರೆ ತಪ್ಪಿದೆ. ಈಗ ಹೋದರೆ ಬೈಯುತ್ತಾರೆ.

ಬೈದರೂ ಹೋಗಿ. ತಪ್ಪಿದ ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಬೇಡಿ. ಮತ್ತೆ ಮತ್ತೆ ಬಿಟ್ಟು ಹಿಡಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಹಾಗಾದರೂ ಚಿಕಿತ್ಸೆಯಿದೆ: ಮೊದಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿದ್ದ ಔಷಧನಿರೋಧಕ ಕ್ಷಯಕ್ಕೆ, ಹಲವರಿಗೆ ಆರು ತಿಂಗಳಲ್ಲಿ ಮುಗಿಯುವ ಹೊಸ ಚಿಕಿತ್ಸಾಕ್ರಮಕ್ಕೆ 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ.

ತೋಟದ ಮಾಲೀಕರು, ರೈಟರ್‌ಗಳು ಏನು ಮಾಡಬಹುದು?

ಯಾರಿಗೆ ಏನಿದೆ ಎಂದು ಕೇಳದೆ ಮಾಡಬಹುದಾದದ್ದು ಬೇಕಾದಷ್ಟಿದೆ. ಕೊಯ್ಲಿನ ಆರಂಭದಲ್ಲೇ ಎಲ್ಲ ಕಾರ್ಮಿಕರ ತಪಾಸಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ, ಆ ದಿನದ ಹಾಜರಿಯನ್ನು ಕೊಡಿ. ಕೈಯಲ್ಲಿ ಹಿಡಿದು ಒಯ್ಯಬಹುದಾದ ಎಕ್ಸ್-ರೇ ಯಂತ್ರಗಳು ಈಗ ಬಂದಿರುವುದರಿಂದ ತಪಾಸಣೆಯನ್ನು ಕಣದ ಬದಿಯಲ್ಲೇ ನಡೆಸಬಹುದು. ಲೈನ್ ಮನೆಗಳಿಗೆ ಇನ್ನೊಂದು ಕಿಟಕಿ ತೆರೆಸಿ, ಹೊಗೆ ಹೋಗಲು ದಾರಿ ಮಾಡಿಸಿ. ಆಸ್ಪತ್ರೆಗೆಂದು ತಿಂಗಳಿಗೊಂದು ದಿನ ರಜೆ ಕೇಳಿದವರನ್ನು ಕಾರಣ ಕೇಳದೆ ಕಳುಹಿಸಿಕೊಡಿ. ಆಸ್ಪತ್ರೆಯ ಚೀಟಿ ತೋರಿಸು ಎನ್ನಬೇಡಿ.

ಯಾರನ್ನು ಸಂಪರ್ಕಿಸಬೇಕು?

ಮೊದಲಿಗೆ ಹತ್ತಿರದ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಊರಿನವರ ಕಣ್ಣಿಗೆ ಬೀಳುವುದು ಬೇಡವೆಂದರೆ ಫೋನ್ ಮಾಡಬಹುದು: ಎಚ್‌ಐವಿ ಕುರಿತು 1097, ಕ್ಷಯದ ಕುರಿತು 1800-11-6666. ಎರಡೂ ಕರೆಗಳು ಉಚಿತ. 1097ಕ್ಕೆ ಕರೆ ಮಾಡಿದಾಗ ನಿಮ್ಮ ಹೆಸರು ಹೇಳಬೇಕೆಂದಿಲ್ಲ.